ವಿಮಾನದಲ್ಲಿ ಅಪಾಯಕಾರಿ ಸರಕು: ಸಿಬ್ಬಂದಿ ತರಬೇತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಗೋ ಗೋದಾಮು, ರ‍್ಯಾಂಪ್, ಚೆಕ್-ಇನ್ ಕೌಂಟರ್, ಸರಕು ಏಜೆಂಟರ ಕಚೇರಿ ಇಲ್ಲೆಲ್ಲ ಕೆಲಸ ಮಾಡುವವರು ಡೇಂಜರಸ್ ಗೂಡ್ಸ್ ತರಬೇತಿಗೆ ಬಂದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೆಲಸದ ಜಾಗದಲ್ಲಿ ಎಲ್ಲರೂ ‘ಡಿಜಿ’ ಎಂದೇ ಹೇಳುವುದರಿಂದ ಇಲ್ಲಿಯೂ ಅದೇ ಪದ.

ಡಿಜಿ ಅಂದರೆ ವಿಮಾನದಲ್ಲಿ ಒಯ್ಯಬಾರದ ವಸ್ತು ಎಂದಲ್ಲವೇ?

ಅಲ್ಲ. ಹೆಚ್ಚಿನ ಡಿಜಿಯನ್ನು ಒಯ್ಯಬಹುದು. ಎಷ್ಟು, ಯಾವ ಡಬ್ಬಿಯಲ್ಲಿ, ಯಾವ ವಿಮಾನದಲ್ಲಿ, ಯಾರಿಗೆ ತಿಳಿಸಿ ಎಂಬುದಷ್ಟೇ ಪ್ರಶ್ನೆ. ಒಟ್ಟು ಒಂಬತ್ತು ವರ್ಗಗಳಿವೆ: 1 ಸ್ಫೋಟಕ, 2 ಅನಿಲ, 3 ಬೆಂಕಿ ಹತ್ತುವ ದ್ರವ, 4 ಬೆಂಕಿ ಹತ್ತುವ ಘನವಸ್ತು (ತಾನಾಗಿ ಉರಿಯುವ, ನೀರು ತಾಕಿದರೆ ಅಪಾಯವಾಗುವ ವಸ್ತುಗಳೂ ಇದರಲ್ಲೇ), 5 ಆಕ್ಸಿಡೈಸರ್ ಮತ್ತು ಆರ್ಗ್ಯಾನಿಕ್ ಪೆರಾಕ್ಸೈಡ್, 6 ವಿಷ ಮತ್ತು ಸೋಂಕು ಹರಡುವ ವಸ್ತು, 7 ವಿಕಿರಣಶೀಲ, 8 ಕೊರೆಯುವ ರಾಸಾಯನಿಕ, 9 ಉಳಿದವು. ವರ್ಗದ ಸಂಖ್ಯೆ ದೊಡ್ಡದಾದಷ್ಟು ಅಪಾಯ ಕಡಿಮೆ ಎಂದು ಕೆಲವರು ಅಂದುಕೊಂಡಿರುತ್ತಾರೆ. ಲಿಥಿಯಂ ಬ್ಯಾಟರಿ ಇರುವುದು 9ರಲ್ಲಿ. ವರ್ಗದ ಸಂಖ್ಯೆ ಅಪಾಯದ ಬಗೆಯನ್ನು ಹೇಳುತ್ತದೆಯೇ ಹೊರತು ಮಟ್ಟವನ್ನಲ್ಲ. ಮಟ್ಟ ಹೇಳುವುದು ಪ್ಯಾಕಿಂಗ್ ಗ್ರೂಪ್: I ಅತಿ ಹೆಚ್ಚು, II ಮಧ್ಯಮ, III ಕಡಿಮೆ. ಕೆಲವು ವರ್ಗಗಳಿಗೆ ಪ್ಯಾಕಿಂಗ್ ಗ್ರೂಪ್ ಇರುವುದೇ ಇಲ್ಲ.

ನಮ್ಮ ಏರ್‌ಲೈನ್ ಡಿಜಿ ಒಯ್ಯುವುದೇ ಇಲ್ಲ. ನಮಗೇಕೆ ತರಬೇತಿ?

ಉಳಿದವರಿಗಿಂತ ನಿಮಗೇ ಹೆಚ್ಚು ಬೇಕು. 1996ರ ಮೇ 11ರಂದು ಮಯಾಮಿಯಿಂದ ಅಟ್ಲಾಂಟಾಕ್ಕೆ ಹೊರಟ ವ್ಯಾಲ್ಯೂಜೆಟ್ 592 ಕೆಲವೇ ನಿಮಿಷಗಳಲ್ಲಿ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. ಒಳಗಿದ್ದ 110 ಮಂದಿಯೂ ಸತ್ತರು. ಆ ಏರ್‌ಲೈನ್‌ಗೆ ಡಿಜಿ ಒಯ್ಯುವ ಅನುಮತಿಯೇ ಇರಲಿಲ್ಲ. ಆದರೂ ಮುಂದಿನ ಸರಕು ಕೋಣೆಯಲ್ಲಿ ಬೇರೆ ವಿಮಾನಗಳಿಂದ ಬಿಚ್ಚಿದ್ದ ರಾಸಾಯನಿಕ ಆಕ್ಸಿಜನ್ ಜನರೇಟರ್‌ಗಳು (ಸಿಡಿದಾಗ ತುಂಬಾ ಬಿಸಿಯಾಗಿ ಆಕ್ಸಿಜನ್ ಬಿಡುವ ಸಾಧನಗಳು) ಐದು ರಟ್ಟಿನ ಪೆಟ್ಟಿಗೆಗಳಲ್ಲಿ ಇದ್ದವು, ಜೊತೆಗೆ ಟೈರುಗಳು. ಸಿಡಿಯದಂತೆ ತಡೆಯುವ ಪ್ಲಾಸ್ಟಿಕ್ ಕ್ಯಾಪ್‌ಗಳನ್ನು ಹಾಕಿರಲಿಲ್ಲ. ಕಾಗದದಲ್ಲಿ ಅವನ್ನು ‘ಖಾಲಿ’ ಎಂದು ಬರೆಯಲಾಗಿತ್ತು. ಅವಧಿ ಮುಗಿದದ್ದಕ್ಕೂ ಖಾಲಿಯಾದದ್ದಕ್ಕೂ ಇರುವ ವ್ಯತ್ಯಾಸ ಕಾಗದ ಬರೆದವರಿಂದ ಲೋಡ್ ಮಾಡಿದವರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ.

ಡಿಜಿ ಒಯ್ಯುವ ಕಂಪನಿಯಲ್ಲಿ ಡಿಕ್ಲೇರ್ ಆದ, ಅಂದರೆ ಒಳಗೆ ಡಿಜಿ ಇದೆ ಎಂದು ಕಳಿಸುವವರೇ ಬರೆದುಕೊಟ್ಟ ಪೆಟ್ಟಿಗೆಯನ್ನು ನೋಡಲು ತಜ್ಞರಿರುತ್ತಾರೆ. ಡಿಕ್ಲೇರ್ ಆಗದ ಪೆಟ್ಟಿಗೆ ಬರುವುದು ಸಾಮಾನ್ಯ ಕಾರ್ಗೋ ಕೌಂಟರಿಗೆ, ಚೆಕ್-ಇನ್ ಬೆಲ್ಟಿಗೆ, ಎಕ್ಸ್‌ರೇ ಪರದೆಗೆ. ಆದ್ದರಿಂದ ‘ನಾವು ಡಿಜಿ ಮುಟ್ಟುವುದಿಲ್ಲ’ ಎನ್ನುವವರ ತರಬೇತಿಯಲ್ಲಿ ಮುಖ್ಯ ಭಾಗ ಗುರುತಿಸುವುದು.

ಯಾವ ನಿಯಮವನ್ನು ಪಾಲಿಸಬೇಕು?

ಮೂಲ ಐಕಾವೊ, ಅಂದರೆ ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆಯ ಅನೆಕ್ಸ್ 18 ಮತ್ತು ಎರಡು ವರ್ಷಕ್ಕೊಮ್ಮೆ ಬರುವ ಟೆಕ್ನಿಕಲ್ ಇನ್‌ಸ್ಟ್ರಕ್ಷನ್ಸ್. ಕೆಲಸದ ಮೇಜಿನ ಮೇಲಿರುವುದು ಏರ್‌ಲೈನ್‌ಗಳ ಒಕ್ಕೂಟ ಅಯಾಟಾ ಪ್ರತಿವರ್ಷ ಜನವರಿ 1ಕ್ಕೆ ಜಾರಿಗೆ ತರುವ ಡಿಜಿಆರ್ (ಡೇಂಜರಸ್ ಗೂಡ್ಸ್ ನಿಯಮಗಳ) ಪುಸ್ತಕ. ಐಕಾವೊ ನಿಯಮಗಳ ಜೊತೆಗೆ ಏರ್‌ಲೈನ್‌ಗಳು ತಾವೇ ಹಾಕಿಕೊಂಡ ಇನ್ನಷ್ಟು ಬಿಗಿ ಷರತ್ತುಗಳೂ ಅದರಲ್ಲಿರುತ್ತವೆ. ಭಾರತದಲ್ಲಿ ಡಿಜಿ ಸಾಗಣೆಗೆಂದೇ 2003ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಉಸ್ತುವಾರಿ ವಿಮಾನಯಾನ ನಿಯಂತ್ರಕ ಡಿಜಿಸಿಎಯದ್ದು, ತರಬೇತಿ ಕಾರ್ಯಕ್ರಮಕ್ಕೂ ಅದರ ಒಪ್ಪಿಗೆ ಬೇಕು.

ಕಳೆದ ವರ್ಷದ ಪುಸ್ತಕ ನೋಡಿ ಪೆಟ್ಟಿಗೆ ಒಪ್ಪಿಕೊಳ್ಳುವುದು ಮಾಮೂಲಿ ತಪ್ಪು. ಬ್ಯಾಟರಿ ನಿಯಮಗಳಂತೂ ಹೆಚ್ಚುಕಡಿಮೆ ಪ್ರತಿ ಆವೃತ್ತಿಯಲ್ಲೂ ಬದಲಾಗುತ್ತಿವೆ. ಜನವರಿ ಮೊದಲ ವಾರ ಹಳೆಯ ಪುಸ್ತಕವನ್ನು ಕಪಾಟಿನಿಂದ ತೆಗೆದೇ ಬಿಡಿ. ಪಕ್ಕದಲ್ಲಿ ಬಿದ್ದಿದ್ದರೆ ಕೈ ಅದರ ಮೇಲೇ ಹೋಗುತ್ತದೆ.

ಕ್ಯಾಟಗರಿ 6, ಕ್ಯಾಟಗರಿ 8 ಎನ್ನುವುದು ಈಗಲೂ ಇದೆಯೇ?

ಬಾಯಿಮಾತಿನಲ್ಲಿ ಇದೆ. ಹಿಂದೆ ಸಿಬ್ಬಂದಿಯನ್ನು 12 ಕ್ಯಾಟಗರಿಗಳಾಗಿ ವಿಂಗಡಿಸುತ್ತಿದ್ದರು: 1 ಶಿಪ್ಪರ್ (ಸರಕು ಕಳಿಸುವವರು), 6 ಏರ್‌ಲೈನ್ ಪರ ಡಿಜಿ ಒಪ್ಪಿಕೊಳ್ಳುವವರು, 8 ಸರಕು ಎತ್ತಿ ಇಳಿಸಿ ಲೋಡ್ ಮಾಡುವವರು, 9 ಪ್ರಯಾಣಿಕರ ಕೌಂಟರ್, 10 ಪೈಲಟ್ ಮತ್ತು ಲೋಡ್ ಪ್ಲಾನರ್, 11 ಕ್ಯಾಬಿನ್ ಸಿಬ್ಬಂದಿ, 12 ಭದ್ರತಾ ತಪಾಸಕರು, ಹೀಗೆ. 2023ರ ಜನವರಿ 1ರಿಂದ ಇದರ ಜಾಗಕ್ಕೆ ಸಾಮರ್ಥ್ಯ ಆಧಾರಿತ ತರಬೇತಿ ಮತ್ತು ಮೌಲ್ಯಮಾಪನ, ಅಂದರೆ ಸಿಬಿಟಿಎ ಬಂದಿದೆ.

ವ್ಯತ್ಯಾಸ ಹೆಸರಿನದ್ದಲ್ಲ. ಹಿಂದೆ ‘ನೀನು ಯಾರು’ ಎಂದು ಕೇಳಿ ಕೋರ್ಸ್ ಕೊಡುತ್ತಿದ್ದರು. ಈಗ ‘ನೀನು ದಿನಾ ಏನೇನು ಮಾಡುತ್ತೀ’ ಎಂದು ಕೇಳುತ್ತಾರೆ. ವರ್ಗೀಕರಣ, ಸರಕು ಸಿದ್ಧಪಡಿಸುವುದು, ಒಪ್ಪಿಕೊಳ್ಳುವುದು, ಲೋಡಿಂಗ್‌ಗೆ ಮುಂಚಿನ ನಿರ್ವಹಣೆ, ಪ್ರಯಾಣಿಕರ ಬ್ಯಾಗೇಜ್ ಒಪ್ಪಿಕೊಳ್ಳುವುದು, ಸಾಗಿಸುವುದು, ಸುರಕ್ಷತಾ ಮಾಹಿತಿ ಸಂಗ್ರಹ ಎಂದು ಕೆಲಸಗಳನ್ನು ಒಡೆದು ಪಟ್ಟಿ ಮಾಡಿ, ಪ್ರತಿಯೊಂದನ್ನೂ ಆ ವ್ಯಕ್ತಿ ನಿಜಕ್ಕೂ ಮಾಡಬಲ್ಲನೇ ಎಂದು ನೋಡಬೇಕು. ಇದರ ಹೊಣೆ ಉದ್ಯೋಗದಾತರದ್ದು. ಕೋರ್ಸ್ ನಡೆಸುವ ಸಂಸ್ಥೆಗೆ ದುಡ್ಡು ಕಟ್ಟಿದ ಮಾತ್ರಕ್ಕೆ ಹೊಣೆ ಅವರಿಗೆ ದಾಟುವುದಿಲ್ಲ. ಹಳೆಯ ಕ್ಯಾಟಗರಿ 8ರ ಸ್ಲೈಡುಗಳ ಮೇಲೆ ‘ಸಿಬಿಟಿಎ’ ಎಂಬ ಹೊಸ ಹೊದಿಕೆ ಹಾಕಿದ ಕೋರ್ಸ್‌ಗಳೂ ಇವೆ. ಕೋರ್ಸಿನಲ್ಲಿ ಒಂದು ಪೆಟ್ಟಿಗೆಯನ್ನಾದರೂ ಕೈಗೆ ಕೊಟ್ಟು ‘ಇದರಲ್ಲಿ ತಪ್ಪೇನಿದೆ, ಹೇಳಿ’ ಎಂದು ಕೇಳದಿದ್ದರೆ ಅನುಮಾನಪಡಿ.

ಸರ್ಟಿಫಿಕೇಟ್ ಎಷ್ಟು ದಿನ ನಡೆಯುತ್ತದೆ?

24 ತಿಂಗಳು. ಅವಧಿಯ ಕೊನೆಯ ಮೂರು ತಿಂಗಳೊಳಗೆ ಮರುತರಬೇತಿ ಪಡೆದರೆ ಹೊಸ 24 ತಿಂಗಳು ಹಳೆಯ ಅವಧಿ ಮುಗಿಯುವ ತಿಂಗಳಿನಿಂದ ಎಣಿಕೆಯಾಗುತ್ತದೆ. ಮಾರ್ಚ್ 2026ಕ್ಕೆ ಮುಗಿಯುವವರು ಜನವರಿ 2026ರಲ್ಲೇ ಮಾಡಿಕೊಂಡರೂ ಮುಂದಿನ ಗಡುವು ಮಾರ್ಚ್ 2028. ಅದನ್ನೇ ನವೆಂಬರ್ 2025ರಲ್ಲಿ ಮಾಡಿಕೊಂಡರೆ ಗಡುವು ನವೆಂಬರ್ 2027ಕ್ಕೆ ಹಿಂದೆ ಸರಿಯುತ್ತದೆ, ನಾಲ್ಕು ತಿಂಗಳು ನಷ್ಟ. ರೋಸ್ಟರ್ ಹಾಕುವವರು ಇದನ್ನು ಗಮನಿಸಿದರೆ ವರ್ಷಕ್ಕೆ ಎಷ್ಟೋ ಸೀಟು ಉಳಿಯುತ್ತವೆ.

ಡಿಜಿ ಒಪ್ಪಿಕೊಳ್ಳುವವರ ಮೊದಲ ಕೋರ್ಸ್ ಸಾಮಾನ್ಯವಾಗಿ ಐದು ದಿನ, ಮರುತರಬೇತಿ ಮೂರು ದಿನ. ಲೋಡಿಂಗ್ ಸಿಬ್ಬಂದಿಗೆ, ಕೌಂಟರ್ ಸಿಬ್ಬಂದಿಗೆ ಇಷ್ಟು ಬೇಕಾಗುವುದಿಲ್ಲ.

ನಮ್ಮ ಲೋಡರ್‌ಗಳಿಗೆ ಇಂಗ್ಲಿಷ್ ಕಷ್ಟ. ಕನ್ನಡದಲ್ಲಿ ಹೇಳಿಕೊಟ್ಟರೆ ನಡೆಯುತ್ತದೆಯೇ?

ಹೇಳಿಕೊಡಲೇಬೇಕು. ಅರ್ಥವಾಗದ ಭಾಷೆಯಲ್ಲಿ ಕೂರಿಸಿ ಸಹಿ ಹಾಕಿಸಿಕೊಂಡರೆ ಹಾಜರಿ ಪುಸ್ತಕ ತುಂಬುತ್ತದೆ, ಅಷ್ಟೇ. ಡಿಕ್ಲರೇಷನ್ (ಶಿಪ್ಪರ್ ಸಹಿ ಮಾಡಿಕೊಡುವ ಡಿಜಿ ಘೋಷಣೆ ಪತ್ರ) ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಲೋಡರ್‌ಗೆ ಅದನ್ನು ಓದುವ ಕೆಲಸವಿಲ್ಲ. ಅವನು ಓದಬೇಕಾದದ್ದು ಲೇಬಲ್ಲು. ಅದನ್ನು ಮಾಡಿರುವುದೇ ಬಣ್ಣ, ಚಿತ್ರ, ಅಂಕಿಗಳಿಂದ.

ಕಲಿಸುವ ಕ್ರಮ ಹೀಗಿರಲಿ. ಮೊದಲು ಬಣ್ಣ: ಕೆಂಪು ಅಂದರೆ ಉರಿಯುತ್ತದೆ, ಹಳದಿ ಅಂದರೆ ಬೇರೆಯದನ್ನು ಉರಿಸುತ್ತದೆ, ನೀಲಿ ಅಂದರೆ ನೀರು ತಾಕಿಸಬೇಡ, ಹಸಿರು ಅಂದರೆ ಒತ್ತಡದ ಅನಿಲ, ಕಿತ್ತಳೆ ಅಂದರೆ ಸ್ಫೋಟಕ, ಮೇಲೆ ಬಿಳಿ ಕೆಳಗೆ ಕಪ್ಪು ಅಂದರೆ ಚರ್ಮ-ಲೋಹ ಕೊರೆಯುತ್ತದೆ, ಮೇಲರ್ಧ ಕಪ್ಪು ಪಟ್ಟೆ ಅಂದರೆ 9. ಆಮೇಲೆ ಕೆಳಮೂಲೆಯ ಅಂಕಿ. ಕೊನೆಗೆ ಪೆಟ್ಟಿಗೆಯ ಮೇಲಿನ ಯುಎನ್ ಸಂಖ್ಯೆಯ, ಅಂದರೆ ಯಾವ ವಸ್ತು ಎಂದು ಹೇಳುವ ಗುರುತು ಸಂಖ್ಯೆಯ ನಾಲ್ಕು ಅಂಕಿಗಳು. ಏನಾದರೂ ಸೋರಿದಾಗ ವಾಕಿಟಾಕಿಯಲ್ಲಿ ಆ ನಾಲ್ಕು ಅಂಕಿ ಸರಿಯಾಗಿ ಹೇಳಿದರೆ ಅರ್ಧ ಕೆಲಸ ಆಯಿತು. ಒಂದು ಗೊಂದಲವನ್ನು ಮೊದಲ ದಿನವೇ ಬಿಡಿಸಿ: ‘ಕಾರ್ಗೋ ಏರ್‌ಕ್ರಾಫ್ಟ್ ಓನ್ಲಿ’ ಲೇಬಲ್ಲೂ ಕಿತ್ತಳೆ ಬಣ್ಣದ್ದೇ. ಅದು ಅಪಾಯದ ಬಗೆ ಹೇಳುವುದಿಲ್ಲ, ಪ್ರಯಾಣಿಕರ ವಿಮಾನಕ್ಕೆ ಹಾಕಬೇಡ ಎನ್ನುತ್ತದೆ.

ಬುಕಿಂಗ್ ಕೌಂಟರ್‌ನಲ್ಲಿ ಬಚ್ಚಿಟ್ಟ ಡಿಜಿಯನ್ನು ಪತ್ತೆ ಹಚ್ಚುವುದು ಹೇಗೆ?

ಬಚ್ಚಿಟ್ಟದ್ದು ಕಡಿಮೆ, ಗೊತ್ತಿಲ್ಲದೆ ತಂದದ್ದೇ ಹೆಚ್ಚು. ಏರ್ ವೇ ಬಿಲ್‌ನ (ಸರಕಿನ ಸಾಗಣೆ ರಸೀದಿ) ವಿವರಣೆ ಸಪ್ಪೆಯಾಗಿದ್ದಷ್ಟೂ ಪ್ರಶ್ನೆ ಕೇಳಿ. ‘ಆಟೋ ಪಾರ್ಟ್ಸ್’ ಎಂದರೆ ಅದರಲ್ಲಿ ಏರ್‌ಬ್ಯಾಗ್ (ಯುಎನ್ 3268) ಇರಬಹುದು, ಅನಿಲ ತುಂಬಿದ ಶಾಕ್ ಅಬ್ಸಾರ್ಬರ್ (ಯುಎನ್ 3164) ಇರಬಹುದು, ತಳದಲ್ಲಿ ಪೆಟ್ರೋಲ್ ಉಳಿದ ಹಳೆ ಎಂಜಿನ್ ಇರಬಹುದು. ‘ಮನೆ ಸಾಮಾನು’ ಎಂದರೆ ಬಣ್ಣ, ಥಿನ್ನರ್, ಸ್ಪ್ರೇ ಡಬ್ಬಿ, ಬ್ಲೀಚಿಂಗ್ ಪುಡಿ. ‘ಲ್ಯಾಬ್ ಸ್ಯಾಂಪಲ್’ ಎಂದರೆ ರೋಗ ಪರೀಕ್ಷೆಗೆ ಕಳಿಸುವ ಜೈವಿಕ ಮಾದರಿ (ಯುಎನ್ 3373) ಇರಬಹುದು. ಹಳೆಯ ಬಿಪಿ ಯಂತ್ರ, ಬ್ಯಾರೋಮೀಟರ್ ಎಂದರೆ ಪಾದರಸ. ಪಾದರಸವನ್ನು ವಿಷದ ದೃಷ್ಟಿಯಿಂದ ಮಾತ್ರ ನೋಡಬೇಡಿ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಎಲ್ಲಾದರೂ ಗೀಚಿದ್ದರೆ ಪಾದರಸ ಅಲ್ಲಿ ಬೆರೆತು ಲೋಹವನ್ನು ತಿನ್ನುತ್ತಾ ಹೋಗುತ್ತದೆ. ವಿಮಾನದ ಮೈಯೇ ಅಲ್ಯೂಮಿನಿಯಂ.

ಅನುಮಾನ ಬಂದರೆ ‘ಇದು ಡೇಂಜರಸ್ಸಾ?’ ಎಂದು ಕೇಳಬೇಡಿ, ‘ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೇಫ್ಟಿ ಡೇಟಾ ಶೀಟ್ (ವಸ್ತುವಿನ ಅಪಾಯಗಳ ವಿವರಪಟ್ಟಿ) ಕೊಡಿ ಎನ್ನಿ. ಅದರ 14ನೇ ಭಾಗದಲ್ಲಿ ಸಾಗಣೆ ವಿವರ ಇರುತ್ತದೆ. ರಸ್ತೆ ಸಾಗಣೆಗೆ ಮಾತ್ರ ಬರೆದು ವಾಯುಸಾಗಣೆಯನ್ನು ಖಾಲಿ ಬಿಟ್ಟಿದ್ದರೆ 9ನೇ ಭಾಗಕ್ಕೆ ಹೋಗಿ ಫ್ಲಾಶ್ ಪಾಯಿಂಟ್ (ದ್ರವದ ಆವಿಗೆ ಕಿಡಿ ತಾಕಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ) ನೋಡಿ. ಅದು ಮುಚ್ಚಿದ ಕಪ್ ಪರೀಕ್ಷೆಯಲ್ಲಿ 60 ಡಿಗ್ರಿ ಸೆಲ್ಸಿಯಸ್ ಅಥವಾ ಕಡಿಮೆ ಇದ್ದರೆ ವರ್ಗ 3ರ ಬಾಗಿಲು ತೆರೆಯಿತು ಎಂದೇ ತಿಳಿಯಿರಿ. 23 ಡಿಗ್ರಿಗಿಂತ ಕಡಿಮೆ ಇದ್ದರೆ ಪ್ಯಾಕಿಂಗ್ ಗ್ರೂಪ್ II, 23ರಿಂದ 60ರವರೆಗೆ III. ಕುದಿಯುವ ಬಿಂದುವೇ 35 ಡಿಗ್ರಿ ಅಥವಾ ಕೆಳಗಿದ್ದರೆ I.

ನಮ್ಮ ಕಡೆಯ ಒಂದು ಉದಾಹರಣೆ: ಊದುಬತ್ತಿ ತಯಾರಿಕೆಗೆ ಬೇಕಾದ ಸುಗಂಧ ತೈಲ. ಊದುಬತ್ತಿಯ ಕಟ್ಟು ಡಿಜಿ ಅಲ್ಲ ಎಂದು ಅದರ ತೈಲವೂ ಅಲ್ಲ ಎಂದುಕೊಳ್ಳುವಂತಿಲ್ಲ. ಫ್ಲಾಶ್ ಪಾಯಿಂಟ್ 60 ದಾಟಿದ್ದರೆ ವರ್ಗ 3 ಅಲ್ಲ, ಸರಿ. ಆದರೆ ಜಲಚರಗಳಿಗೆ ಹಾನಿ ಮಾಡುವಂಥದ್ದಾದರೆ ಯುಎನ್ 3082, ವರ್ಗ 9 ಆಗಬಹುದು. ಅಂಥ ದ್ರವ ಒಳಡಬ್ಬಿಗೆ 5 ಲೀಟರ್ ಮೀರದಿದ್ದರೆ ಎ197 ಎಂಬ ವಿಶೇಷ ಅವಕಾಶದಡಿ ನಿಯಮದಿಂದ ಹೊರಗಿರುತ್ತದೆ. ಅದೇ ತೈಲ 25 ಲೀಟರ್ ಕ್ಯಾನಿನಲ್ಲಿ ಬಂದರೆ ಆ ಅವಕಾಶ ಸಿಗುವುದಿಲ್ಲ.

ಕೊಬ್ಬರಿ, ಕರ್ಪೂರವನ್ನೂ ತಡೆಯುತ್ತಾರಲ್ಲ, ಅದು ಅತಿಯಲ್ಲವೇ?

ಕೌಂಟರ್‌ನಲ್ಲಿ ಅತಿ ಹೆಚ್ಚು ಜಗಳ ಆಗುವುದು ಇದಕ್ಕೇ. ತಿಪಟೂರಿನ ಕೊಬ್ಬರಿ ಎಂದರೆ ಅಡುಗೆ ಮನೆಯ ವಸ್ತು, ಬಾಂಬಲ್ಲ ಎಂದು ಪ್ರಯಾಣಿಕರು ವಾದಿಸುತ್ತಾರೆ. ಪುಸ್ತಕದಲ್ಲಿ ಕೊಬ್ಬರಿಗೆ ಪ್ರತ್ಯೇಕ ನಂಬರೇ ಇದೆ: ಯುಎನ್ 1363, ವರ್ಗ 4.2, ತಾನಾಗಿ ಬಿಸಿಯಾಗುವ ವಸ್ತು. ಎಣ್ಣೆ ತುಂಬಿದ ತಿರುಳು ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಸೇರಿ ಶಾಖ ಬಿಡುತ್ತದೆ. ರಾಶಿಯಲ್ಲಿ, ಸ್ವಲ್ಪ ತೇವವೂ ಇದ್ದರೆ, ಆ ಶಾಖ ಹೊರಹೋಗದೆ ಏರುತ್ತದೆ. ಕೊಬ್ಬರಿ ಗೋದಾಮಿನವರಿಗೆ ಇದು ಹೊಸ ವಿಷಯವಲ್ಲ. ಕರ್ಪೂರ ಯುಎನ್ 2717, ವರ್ಗ 4.1, ಬೆಂಕಿ ಹತ್ತುವ ಘನವಸ್ತು. ಪಟಾಕಿ, ಸುರುಸುರುಬತ್ತಿ ವರ್ಗ 1, ಪ್ರಯಾಣಿಕರ ಬ್ಯಾಗಿನಲ್ಲಿ ಚೂರೂ ಇರಬಾರದು.

ಶಬರಿಮಲೆ ಯಾತ್ರಿಗಳು ಇರುಮುಡಿಯ ತೆಂಗಿನಕಾಯಿಯನ್ನು ಕ್ಯಾಬಿನ್ನಿಗೆ ಒಯ್ಯಲು ವಿಮಾನಯಾನ ಭದ್ರತಾ ಸಂಸ್ಥೆ ಬಿಸಿಎಎಸ್ ಹಿಂದೆ ಸೀಮಿತ ಅವಧಿಗೆ ಅನುಮತಿ ಕೊಟ್ಟದ್ದುಂಟು, ಒಂದು ಬಾರಿ 2025ರ ಜನವರಿ 20ರವರೆಗೆ. ಅದು ಭದ್ರತಾ ಇಲಾಖೆಯ ಆದೇಶ. ಅದನ್ನು ಕೊಬ್ಬರಿಗೆ ಸಿಕ್ಕ ರಿಯಾಯಿತಿ ಎಂದು ಓದಬೇಡಿ.

ಪವರ್ ಬ್ಯಾಂಕಿನ ವ್ಯಾಟ್-ಅವರ್ ಲೆಕ್ಕ ಹೇಗೆ?

ಮಿಲಿಆಂಪ್-ಅವರ್ ಅನ್ನು ವೋಲ್ಟಿನಿಂದ ಗುಣಿಸಿ 1000ದಿಂದ ಭಾಗಿಸಿ. 20,000 × 3.7 ÷ 1000 = 74. ಮಿತಿ 100. ಅದರೊಳಗಿದ್ದರೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗೆ ಏರ್‌ಲೈನ್ ಒಪ್ಪಿಗೆ ಬೇಕು, ಹೆಚ್ಚೆಂದರೆ ಎರಡು. 160 ದಾಟಿದರೆ ಇಲ್ಲ. 30,000ದ ಪವರ್ ಬ್ಯಾಂಕ್ 111 ಬರುತ್ತದೆ, ಒಪ್ಪಿಗೆ ಬೇಕಾದ ಗುಂಪು. ಕೆಲವು ಏರ್‌ಲೈನ್‌ಗಳು ಇದಕ್ಕಿಂತ ಬಿಗಿ ಮಾಡಿವೆ, ನಿಮ್ಮ ಕಂಪನಿಯ ಸುತ್ತೋಲೆ ನೋಡಿ.

ತಪ್ಪಾಗುವುದು ವೋಲ್ಟಿನಲ್ಲಿ. ಯುಎಸ್‌ಬಿ ಕಿಂಡಿಯ ಪಕ್ಕ ಬರೆದ 5 ವೋಲ್ಟ್ ಹಿಡಿದು ಗುಣಿಸಿದರೆ 20,000ದ್ದು 100ಕ್ಕೆ ಬಂದು ನಿಲ್ಲುತ್ತದೆ, ಅಲ್ಲಿಂದ ವಾದ ಶುರು. ಹಿಡಿಯಬೇಕಾದದ್ದು ಒಳಗಿನ ಸೆಲ್ಲಿನ ವೋಲ್ಟೇಜು.

ಚೆಕ್-ಇನ್ ಬ್ಯಾಗಿಗೆ ಪವರ್ ಬ್ಯಾಂಕ್ ಎಂದೂ ಇಲ್ಲ. ಕ್ಯಾಬಿನ್ನಿನಲ್ಲಿ ಹೊಗೆ ಬಂದರೆ ಯಾರಾದರೂ ನೋಡುತ್ತಾರೆ, ನೀರು ಸುರಿಯುತ್ತಾರೆ. ವಿಮಾನದ ಹೊಟ್ಟೆಯೊಳಗಿನ ಸರಕು ಕೋಣೆಯಲ್ಲಿ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸುತ್ತದೆ, ಆದರೆ ಸೆಲ್ಲನ್ನು ತಣ್ಣಗಾಗಿಸುವುದಿಲ್ಲ. ಒಂದು ಸೆಲ್ಲಿನ ಶಾಖ ಪಕ್ಕದ್ದಕ್ಕೆ ಹರಿಯುತ್ತಲೇ ಇರುತ್ತದೆ. ಗೇಟಿನಲ್ಲಿ ಜಾಗವಿಲ್ಲವೆಂದು ಕೈಚೀಲ ಕೆಳಗೆ ಕಳಿಸುವಾಗ ‘ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ತೆಗೆದುಕೊಂಡಿರಾ?’ ಎಂದು ಕೇಳಲು ಮರೆಯುವುದು ಬಹಳ ಸಾಮಾನ್ಯ.

ಕಾರ್ಗೋದಲ್ಲಿ ಬರುವ ಲಿಥಿಯಂ ಬ್ಯಾಟರಿಗೆ ಮುಖ್ಯವಾಗಿ ಏನು ನೋಡಬೇಕು?

ಮೊದಲು ಅದು ಬಿಡಿಯಾಗಿದೆಯೇ, ಉಪಕರಣದ ಜೊತೆಗಿದೆಯೇ, ಒಳಗಿದೆಯೇ. ಲಿಥಿಯಂ ಅಯಾನ್ ಬಿಡಿಯಾಗಿದ್ದರೆ ಯುಎನ್ 3480, ಪ್ಯಾಕಿಂಗ್ ಇನ್‌ಸ್ಟ್ರಕ್ಷನ್ (ಹೇಗೆ ಪ್ಯಾಕ್ ಮಾಡಬೇಕೆಂಬ ಸೂಚನೆ) 965. ಜೊತೆಗಿದ್ದರೆ ಯುಎನ್ 3481, 966. ಒಳಗಿದ್ದರೆ ಅದೇ 3481, ಆದರೆ 967. ಬಿಡಿ ಬ್ಯಾಟರಿ 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹೋಗುವಂತಿಲ್ಲ, ಚಾರ್ಜ್ 30 ಶೇಕಡಾ ಮೀರುವಂತಿಲ್ಲ. 2026ರ ಜನವರಿ 1ರಿಂದ ಈ 30 ಶೇಕಡಾ ಮಿತಿ 966ಕ್ಕೂ ಬಂದಿದೆ, 2.7 ವ್ಯಾಟ್-ಅವರ್ ದಾಟಿದವಕ್ಕೆ. ಚಾರ್ಜ್ ಕಡಿಮೆಯಿದ್ದಷ್ಟೂ ಸೆಲ್ ಕೆಟ್ಟಾಗ ಹೊರಬೀಳುವ ಶಾಖ ಕಡಿಮೆ ಎನ್ನುವುದೇ ಕಾರಣ.

966, 967ರ ಸೆಕ್ಷನ್ II ಅಡಿ ಸಣ್ಣ ಬ್ಯಾಟರಿ ಕಳಿಸುವ ಶಿಪ್ಪರ್‌ಗೆ ಪೂರ್ಣ ಡಿಜಿ ಕೋರ್ಸ್ ಕಡ್ಡಾಯವಿಲ್ಲ, ಆದರೆ ಕೆಲಸಕ್ಕೆ ತಕ್ಕ ತಿಳಿವಳಿಕೆ ಕೊಟ್ಟಿರಲೇಬೇಕು. ಹಾಳಾದ, ಉಬ್ಬಿದ, ಸುರಕ್ಷತಾ ದೋಷಕ್ಕಾಗಿ ಕಂಪನಿ ವಾಪಸ್ ಕರೆದ ಬ್ಯಾಟರಿಯನ್ನು ಯಾವ ವಿಮಾನಕ್ಕೂ ಹಾಕುವಂತಿಲ್ಲ. ರಿಪೇರಿಗೆ ವಾಪಸ್ ಹೋಗುವ ಮೊಬೈಲ್ ಪೆಟ್ಟಿಗೆಗಳನ್ನು ಈ ಕಣ್ಣಿನಿಂದ ನೋಡಿ.

ಅಕ್ಸೆಪ್ಟೆನ್ಸ್ ಚೆಕ್ (ಡಿಜಿ ಒಪ್ಪಿಕೊಳ್ಳುವ ಮುಂಚಿನ ತಪಾಸಣೆ) ನಿಜದಲ್ಲಿ ಹೇಗೆ ಮಾಡಬೇಕು?

ಒಂದೇ ಪೆಟ್ಟಿಗೆ ತೆಗೆದುಕೊಳ್ಳೋಣ. ರಟ್ಟಿನ ಪೆಟ್ಟಿಗೆ, ಒಳಗೆ 1 ಲೀಟರಿನ ನಾಲ್ಕು ತಗಡಿನ ಡಬ್ಬಿ ಬಣ್ಣ, ಬೆಂಗಳೂರಿನಿಂದ ಪ್ರಯಾಣಿಕರ ವಿಮಾನದಲ್ಲಿ ಹೋಗಬೇಕು.

ಮೊದಲು ಕೆಂಪು ಗೀರಿನ ಅಂಚಿರುವ ಶಿಪ್ಪರ್ಸ್ ಡಿಕ್ಲರೇಷನ್, ಎರಡು ಪ್ರತಿ. ಸಾಲು ಈ ಕ್ರಮದಲ್ಲೇ ಇರಬೇಕು: ಯುಎನ್ 1263, ಪೇಂಟ್, 3, II, ಒಂದು ಫೈಬರ್‌ಬೋರ್ಡ್ ಬಾಕ್ಸ್ 4 ಲೀಟರ್, 353 (ಪ್ಯಾಕಿಂಗ್ ಇನ್‌ಸ್ಟ್ರಕ್ಷನ್). ಡಿಜಿಆರ್ ಪುಸ್ತಕದ ನೀಲಿ ಪುಟಗಳ ಪಟ್ಟಿಯಲ್ಲಿ ನೋಡಿದರೆ ಈ ಬಣ್ಣಕ್ಕೆ ಪ್ರಯಾಣಿಕರ ವಿಮಾನದಲ್ಲಿ ಪ್ಯಾಕೇಜಿಗೆ 5 ಲೀಟರ್, ಸರಕು ವಿಮಾನದಲ್ಲಿ 364ರಡಿ 60 ಲೀಟರ್. ನಾಲ್ಕು ಲೀಟರ್, ಸರಿ. ಆರು ಡಬ್ಬಿ ಇದ್ದಿದ್ದರೆ ಇಲ್ಲಿಗೇ ನಿಲ್ಲುತ್ತಿತ್ತು. ಡಿಕ್ಲರೇಷನ್ನಿನ ಮೇಲ್ಭಾಗದಲ್ಲಿ ‘ಕಾರ್ಗೋ ಏರ್‌ಕ್ರಾಫ್ಟ್ ಓನ್ಲಿ’ ಎಂಬುದನ್ನು ಹೊಡೆದು ಹಾಕಿರಬೇಕು. ತಿದ್ದುಪಡಿ ಇದ್ದರೆ ಕೆಳಗೆ ಸಹಿ ಹಾಕಿದವರೇ ಅದರ ಪಕ್ಕ ಸಹಿ ಹಾಕಿರಬೇಕು, ಅದೇ ಸಹಿ.

ಆಮೇಲೆ ಪೆಟ್ಟಿಗೆ. ಯುಎನ್ ಮುದ್ರೆಯಲ್ಲಿ ‘4ಜಿ/ವೈ25/ಎಸ್/24/ಐಎನ್‌ಡಿ’ ಎಂದಿದೆ ಎನ್ನಿ. 4ಜಿ ಅಂದರೆ ಫೈಬರ್‌ಬೋರ್ಡ್ ಪೆಟ್ಟಿಗೆ. ವೈ ಅಂದರೆ ಪ್ಯಾಕಿಂಗ್ ಗ್ರೂಪ್ II ಮತ್ತು IIIಕ್ಕೆ ಸಲ್ಲುತ್ತದೆ. ಎಕ್ಸ್ ಮೂರಕ್ಕೂ ಸಲ್ಲುತ್ತದೆ, ಝಡ್ IIIಕ್ಕೆ ಮಾತ್ರ. 25 ಅಂದರೆ ಒಟ್ಟು ತೂಕ 25 ಕಿಲೋ ಮೀರಬಾರದು, ತಕ್ಕಡಿಗೆ ಇಡಿ. 24 ತಯಾರಾದ ವರ್ಷ, ಐಎನ್‌ಡಿ ಭಾರತ. ಬಳಿಕ ವರ್ಗ 3ರ ಕೆಂಪು ಲೇಬಲ್, ಪ್ರತಿ ಬದಿ 100 ಮಿಲಿಮೀಟರ್, ಪೆಟ್ಟಿಗೆಯ ಮೂಲೆಗೆ ಮಡಚಿ ಅಂಟಿಸಿರಬಾರದು. ಒಳಗೆ ದ್ರವ ಇರುವುದರಿಂದ ಮೇಲ್ಮುಖ ಬಾಣದ ಲೇಬಲ್ ಎದುರುಬದುರಿನ ಎರಡು ಬದಿಗಳಲ್ಲಿ. ಯುಎನ್ ಸಂಖ್ಯೆ, ಸರಿಯಾದ ಸಾಗಣೆ ಹೆಸರು, ಪ್ರಮಾಣ, ಕಳಿಸುವವರ ಮತ್ತು ಪಡೆಯುವವರ ಪೂರ್ಣ ವಿಳಾಸ. ಹಿಂದೆ ಬಳಸಿದ ಪೆಟ್ಟಿಗೆಯಾದರೆ ಹಳೆಯ ಲೇಬಲ್ ಪೂರ್ತಿ ತೆಗೆದಿರಬೇಕು. ಅರ್ಧ ಕಿತ್ತ ಲೇಬಲ್ಲು ಮುಂದಿನ ನಿಲ್ದಾಣದಲ್ಲಿ ತಲೆನೋವು.

ಚೆಕ್‌ಲಿಸ್ಟಿನ ಒಂದೇ ಒಂದು ಸಾಲಿಗೆ ‘ಇಲ್ಲ’ ಬಿದ್ದರೂ ಪೆಟ್ಟಿಗೆ ವಾಪಸ್, ಚೆಕ್‌ಲಿಸ್ಟಿನ ಪ್ರತಿಯೊಂದಿಗೆ. ‘ಪೆನ್ನಲ್ಲಿ ನಾವೇ ಬರೆದುಕೊಳ್ಳೋಣ ಬಿಡಿ’ ಎಂಬ ಉಪಕಾರ ಬೇಡ. ಡಿಕ್ಲರೇಷನ್ ಶಿಪ್ಪರ್‌ನ ಪ್ರಮಾಣಪತ್ರ, ಅದರ ಮೇಲೆ ಬೇರೆಯವರ ಕೈ ಬೀಳಬಾರದು. ಇನ್ನೊಂದು, ಸರಕನ್ನು ಕಣ್ಣೆದುರು ಇಟ್ಟುಕೊಳ್ಳದೆ ಮೇಜಿನ ಮೇಲೇ ಚೆಕ್‌ಲಿಸ್ಟ್ ಟಿಕ್ ಮಾಡುವ ಚಾಳಿ. ರಾತ್ರಿ ಪಾಳಿಯಲ್ಲಿ, ಫ್ಲೈಟಿನ ಕಟ್-ಆಫ್ ಹತ್ತಿರವಾದಾಗ ಇದು ನಡೆಯುತ್ತದೆ.

ಡ್ರೈ ಐಸ್‌ಗೂ ಡಿಕ್ಲರೇಷನ್ ಬೇಕೇ?

ಡಿಜಿ ಅಲ್ಲದ ಔಷಧಿ, ಆಹಾರವನ್ನು ತಂಪಾಗಿಡಲು ಬಳಸಿದ್ದರೆ ಬೇಡ. ಏರ್ ವೇ ಬಿಲ್‌ನಲ್ಲಿ ಯುಎನ್ 1845, ಹೆಸರು, ಪ್ಯಾಕೇಜ್ ಸಂಖ್ಯೆ, ಡ್ರೈ ಐಸ್‌ನ ನಿವ್ವಳ ಕಿಲೋ ಬರೆದರೆ ಸಾಕು. ಪೆಟ್ಟಿಗೆಯ ಮೇಲೂ ನಿವ್ವಳ ತೂಕ ಮತ್ತು ವರ್ಗ 9ರ ಲೇಬಲ್. ಪ್ಯಾಕೇಜಿಗೆ ಮಿತಿ 200 ಕಿಲೋ, ಪ್ರಯಾಣಿಕರಿಗಾದರೆ ಏರ್‌ಲೈನ್ ಒಪ್ಪಿಗೆಯೊಂದಿಗೆ ತಲೆಗೆ 2.5 ಕಿಲೋ. ಪೆಟ್ಟಿಗೆಯಿಂದ ಅನಿಲ ಹೊರಹೋಗಲು ದಾರಿ ಇರಲೇಬೇಕು. ಥರ್ಮಾಕೋಲ್ ಪೆಟ್ಟಿಗೆಯ ಅಂಚಿಗೆ ಸುತ್ತಲೂ ಟೇಪ್ ಬಿಗಿದು ‘ಚೆನ್ನಾಗಿ ಪ್ಯಾಕ್ ಮಾಡಿದ್ದೇವೆ’ ಎಂದು ತರುತ್ತಾರೆ, ಅದೇ ತಪ್ಪು. ನಾಯಿಮರಿಯ ಪಂಜರದ ಪಕ್ಕ ಡ್ರೈ ಐಸ್ ಇಡಬೇಡಿ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಕೆಳಗೆ ನಿಲ್ಲುತ್ತದೆ.

ಲೋಡಿಂಗ್‌ನಲ್ಲಿ ಯಾವುದರ ಪಕ್ಕ ಯಾವುದು ಇರಬಾರದು?

ಸೆಗ್ರಿಗೇಷನ್ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ, ಗೋಡೆಗೆ ಅಂಟಿಸಿ. ತಲೆಯಲ್ಲಿ ಇರಬೇಕಾದ ಜೋಡಿಗಳು ಕೆಲವೇ: ಬೆಂಕಿ ಹತ್ತುವ ದ್ರವ (3) ಮತ್ತು ಆಕ್ಸಿಡೈಸರ್ (5.1), ತಾನಾಗಿ ಉರಿಯುವ ವಸ್ತು (4.2) ಮತ್ತು 5.1, ನೀರು ತಾಕಿದರೆ ಅಪಾಯವಾಗುವ ವಸ್ತು (4.3) ಮತ್ತು ಕೊರೆಯುವ ರಾಸಾಯನಿಕ (8). ಬಿಡಿ ಲಿಥಿಯಂ ಬ್ಯಾಟರಿಯನ್ನು 1.4ಎಸ್ (ತೀರಾ ಕಡಿಮೆ ಅಪಾಯದ ಸ್ಫೋಟಕ) ಬಿಟ್ಟು ಉಳಿದ ವರ್ಗ 1, ಜೊತೆಗೆ 2.1 (ಬೆಂಕಿ ಹತ್ತುವ ಅನಿಲ), 3, 4.1, 5.1ರಿಂದ ದೂರವಿಡಿ. ದೂರ ಎಂದರೆ ಮಧ್ಯೆ ಸಾಮಾನ್ಯ ಸರಕು ಇರಬೇಕು, ಹಾರಾಟದಲ್ಲಿ ಜರುಗಿ ಒಂದಕ್ಕೊಂದು ತಾಕದಂತೆ ಕಟ್ಟಿರಬೇಕು.

ಬಾಣದ ಲೇಬಲ್ಲನ್ನೂ, ಬಾಟಲಿಯ ಸುತ್ತ ತುಂಬುವ ವಸ್ತುವನ್ನೂ ಕಡೆಗಣಿಸಬೇಡಿ. 1973ರ ನವೆಂಬರ್ 3ರಂದು ಪ್ಯಾನ್ ಆ್ಯಮ್ 160 ಎಂಬ ಬೋಯಿಂಗ್ 707 ಸರಕು ವಿಮಾನ ಬಾಸ್ಟನ್ನಿನಲ್ಲಿ ಇಳಿಯುವ ಮುಂಚೆಯೇ ಬಿದ್ದು ಮೂವರು ಸತ್ತರು. ಅದರಲ್ಲಿ ನೈಟ್ರಿಕ್ ಆಮ್ಲದ ಗಾಜಿನ ಬಾಟಲಿಗಳಿದ್ದವು, ಸುತ್ತ ತುಂಬಿದ್ದು ಮರದ ಹೊಟ್ಟು. ಬಾಟಲಿ ಸೋರಿದರೆ ಹೀರಿಕೊಳ್ಳಲೆಂದು ಹಾಕಿದ ಹೊಟ್ಟೇ ಆಮ್ಲದೊಂದಿಗೆ ಸೇರಿ ಹೊಗೆಯೆಬ್ಬಿಸಿತು, ಆ ಹೊಗೆ ಕಾಕ್‌ಪಿಟ್ ತುಂಬಿತು. ಹೀರುವ ವಸ್ತು ಒಳಗಿನ ರಾಸಾಯನಿಕಕ್ಕೆ ಹೊಂದಬೇಕು ಎಂಬ ಪಾಠಕ್ಕೆ ತರಬೇತಿಯಲ್ಲಿ ಈ ಉದಾಹರಣೆಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

ನೋಟಾಕ್ ಎಂದರೇನು, ಅದಕ್ಕೆ ಅಷ್ಟೊಂದು ಮಹತ್ವ ಏಕೆ?

ಯಾವ ಡಿಜಿ, ಎಷ್ಟು, ಎಲ್ಲಿ ಲೋಡ್ ಆಗಿದೆ ಎಂದು ಕ್ಯಾಪ್ಟನ್‌ಗೆ ಲಿಖಿತವಾಗಿ ಕೊಡುವ ಸೂಚನೆ. ಕ್ಯಾಪ್ಟನ್ ಸಹಿ ಮಾಡುತ್ತಾರೆ, ಒಂದು ಪ್ರತಿ ನೆಲದಲ್ಲಿ ಉಳಿಯುತ್ತದೆ. ಆಕಾಶದಲ್ಲಿ ಹೊಗೆ ಬಂದರೆ ಪೈಲಟ್ ಡ್ರಿಲ್ ಕೋಡ್ (ತುರ್ತು ಕ್ರಮದ ಸಂಕೇತ) ನೋಡುವುದು ಇದರಿಂದ, ಉದಾಹರಣೆಗೆ ಬಣ್ಣಕ್ಕೆ 3ಎಲ್. ಕೊನೆ ಗಳಿಗೆಯಲ್ಲಿ ಯುಎಲ್‌ಡಿ (ಸರಕಿನ ಕಂಟೇನರ್ ಅಥವಾ ಪ್ಯಾಲೆಟ್) ಸ್ಥಾನ ಬದಲಿಸಿ ನೋಟಾಕ್ ಬದಲಿಸದೆ ಬಿಡುವುದು ಇಲ್ಲಿನ ದೊಡ್ಡ ತಪ್ಪು. ಹಿಂದಿನ ಕೋಣೆಗೆ ಹೋದ ಪೆಟ್ಟಿಗೆ ಕಾಗದದಲ್ಲಿ ಮುಂದೆಯೇ ಕೂತಿರುತ್ತದೆ.

ಪೆಟ್ಟಿಗೆ ಸೋರುತ್ತಿದೆ. ಏನು ಮಾಡಲಿ?

ಮುಟ್ಟಬೇಡಿ, ಮೂಸಿ ನೋಡಬೇಡಿ. ಕೂಗಿ ಪಕ್ಕದವರನ್ನು ಸರಿಸಿ, ಸೂಪರ್‌ವೈಸರ್‌ಗೆ ಹೇಳಿ. ದೂರದಿಂದ ಓದಲಾದರೆ ಯುಎನ್ ಸಂಖ್ಯೆ, ವರ್ಗ ಹೇಳಿ. ಮೈಗೆ ತಾಕಿದ್ದರೆ ಬಟ್ಟೆ ತೆಗೆದು ಧಾರಾಳ ನೀರಿನಲ್ಲಿ ತೊಳೆಯಿರಿ, ಕಣ್ಣು ಉಜ್ಜಬೇಡಿ, ಬಾಯಿಗೆ ಏನೂ ಹಾಕಬೇಡಿ. ಆ ಪೆಟ್ಟಿಗೆ ಮುಟ್ಟಿದವರೆಲ್ಲ ಹೆಸರು ಬರೆಸುವವರೆಗೆ ಅಲ್ಲೇ ಇರಬೇಕು. ಪಾಳಿ ಮುಗಿಯಿತೆಂದು ಮನೆಗೆ ಹೋದವರನ್ನು ಆಮೇಲೆ ಹುಡುಕುವುದು ಕಷ್ಟ. ವಿಮಾನದಲ್ಲಿ ಸೋರಿದ್ದರೆ ಎಂಜಿನಿಯರ್ ನೋಡುವವರೆಗೆ ವಿಮಾನ ಹೊರಡಬಾರದು.

2000ದ ಮಾರ್ಚ್‌ನಲ್ಲಿ ಬೀಜಿಂಗ್‌ನಿಂದ ಕ್ವಾಲಾಲಂಪುರಕ್ಕೆ ಬಂದ ಮಲೇಷ್ಯಾ ಏರ್‌ಲೈನ್ಸ್‌ನ ಎ330 ವಿಮಾನದಿಂದ ಸರಕು ಇಳಿಸುವಾಗ ಸಿಬ್ಬಂದಿ ಅಸ್ವಸ್ಥರಾದರು. ಕಾಗದದಲ್ಲಿ ಹೈಡ್ರಾಕ್ಸಿಕ್ವಿನೋಲಿನ್ ಎಂದಿದ್ದ ಡಬ್ಬಿಗಳಲ್ಲಿ ಇದ್ದದ್ದು ಆಕ್ಸಾಲಿಲ್ ಕ್ಲೋರೈಡ್, ಅದು ತೇವಕ್ಕೆ ಸಿಕ್ಕರೆ ಕೊರೆಯುವ ವಿಷಾನಿಲ ಬಿಡುತ್ತದೆ. ಆ ವಿಮಾನ ಮತ್ತೆ ಹಾರಲಿಲ್ಲ. ಕಾಗದ ಏನೇ ಹೇಳಲಿ, ಸೋರುವ ವಸ್ತು ಗೊತ್ತಾಗುವವರೆಗೆ ಅತಿ ಕೆಟ್ಟದ್ದೆಂದೇ ನಡೆದುಕೊಳ್ಳಿ.

ಕ್ಯಾಬಿನ್ನಿನಲ್ಲಿ ಮೊಬೈಲ್ ಹೊತ್ತಿಕೊಂಡರೆ ಕ್ರಮ ಬೇರೆ: ಜ್ವಾಲೆಗೆ ಅಗ್ನಿಶಾಮಕ, ತಕ್ಷಣ ನೀರು ಅಥವಾ ಆಲ್ಕೋಹಾಲ್ ಇಲ್ಲದ ಯಾವುದೇ ಪಾನೀಯ. ಐಸ್ ಹಾಕಬೇಡಿ, ಕಂಬಳಿ ಮುಚ್ಚಬೇಡಿ, ಎರಡೂ ಶಾಖವನ್ನು ಒಳಗೇ ಹಿಡಿಯುತ್ತವೆ.

ವಿಕಿರಣಶೀಲ ಪೆಟ್ಟಿಗೆ ಎತ್ತಲು ನಮ್ಮವರು ಹೆದರುತ್ತಾರೆ.

ಆಸ್ಪತ್ರೆಗೆ ಹೋಗುವ ಐಸೋಟೋಪ್ ಪೆಟ್ಟಿಗೆ ತಡವಾದರೆ ಒಳಗಿನ ಔಷಧಿಯೇ ಕ್ಷೀಣಿಸುತ್ತದೆ, ಆದ್ದರಿಂದ ಹೆದರಿ ಬದಿಗಿಡುವುದು ಪರಿಹಾರವಲ್ಲ. ವಿಕಿರಣ ಚಿಹ್ನೆಯ ಹಳದಿ ಲೇಬಲ್ಲಿನ ಚೌಕದಲ್ಲಿ ಬರೆದ ಟಿಐ ಸಂಖ್ಯೆ (ಪೆಟ್ಟಿಗೆಯಿಂದ ಹೊರಬರುವ ವಿಕಿರಣದ ಅಳತೆ) ನೋಡಿ: ಸಾಮಾನ್ಯವಾಗಿ ಪ್ಯಾಕೇಜಿಗೆ 10, ಪ್ರಯಾಣಿಕರ ವಿಮಾನಕ್ಕೆ ಒಟ್ಟು 50 ಮೀರಬಾರದು. ಎತ್ತಿ, ಇಟ್ಟು, ಸರಿಯಿರಿ. ಅದರ ಮೇಲೆ ಕೂತು ಚಹಾ ಕುಡಿಯುವುದನ್ನು ಬಿಟ್ಟರೆ ಸಾಕು.

ಪರೀಕ್ಷೆಗೆ ಪುಸ್ತಕ ನೋಡಿ ಬರೆಯಬಹುದೇ? ಜನ ಎಲ್ಲಿ ಫೇಲ್ ಆಗುತ್ತಾರೆ?

ಡಿಜಿ ಒಪ್ಪಿಕೊಳ್ಳುವವರ ಪರೀಕ್ಷೆ ಸಾಮಾನ್ಯವಾಗಿ ಪುಸ್ತಕ ತೆರೆದೇ. ನೆನಪಿನಿಂದ ಬರೆಯುವ ಅಭ್ಯಾಸವನ್ನೇ ಬಿಡಿಸುವುದು ಉದ್ದೇಶ. ಅನುಭವಿಗಳೇ ಹೆಚ್ಚು ಎಡವುತ್ತಾರೆ, ಪುಟ ತೆರೆಯದೆ ಬರೆಯುವುದರಿಂದ. ಮಾಮೂಲಿ ತಪ್ಪುಗಳು ಇವು: ವಿಶೇಷ ಅವಕಾಶದ ಕಾಲಂ ಓದದಿರುವುದು, ‘ಎನ್‌ಒಎಸ್’ (ಪಟ್ಟಿಯಲ್ಲಿ ಪ್ರತ್ಯೇಕವಾಗಿ ಹೆಸರಿಸದ ವಸ್ತು) ನಮೂದಿಗೆ ರಾಸಾಯನಿಕದ ಹೆಸರು ಸೇರಿಸದಿರುವುದು, ಲಿಮಿಟೆಡ್ ಕ್ವಾಂಟಿಟಿಯ (ಸಣ್ಣ ಪ್ರಮಾಣದ ಡಿಜಿ) 30 ಕಿಲೋ ಒಟ್ಟು ತೂಕದ ಮಿತಿ ಮರೆಯುವುದು. ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ಡಿಜಿ ಇದ್ದಾಗ ಕ್ಯೂ ಲೆಕ್ಕವನ್ನೂ ಬಿಡುತ್ತಾರೆ. ಪ್ರತಿಯೊಂದರ ಪ್ರಮಾಣವನ್ನು ಅದರ ಮಿತಿಯಿಂದ ಭಾಗಿಸಿ ಕೂಡಿಸಿ, ಮೊತ್ತ 1 ಮೀರಬಾರದು. 5 ಲೀಟರ್ ಮಿತಿಯದ್ದು 2 ಲೀಟರ್, 1 ಲೀಟರ್ ಮಿತಿಯದ್ದು ಅರ್ಧ ಲೀಟರ್ ಇದ್ದರೆ 0.4 + 0.5 = 0.9, ಸರಿ.

ಕೆಲಸ ಬದಲಿಸಿದರೆ ಹಳೆಯ ಸರ್ಟಿಫಿಕೇಟ್ ನಡೆಯುತ್ತದೆಯೇ?

ಹೊಸ ಉದ್ಯೋಗದಾತರು ನಿಮ್ಮ ಹಳೆಯ ತರಬೇತಿ ಹೊಸ ಕೆಲಸಕ್ಕೆ ಎಷ್ಟು ಹೊಂದುತ್ತದೆ ಎಂದು ನೋಡಿ, ಕೊರತೆಯಿದ್ದಷ್ಟನ್ನು ತುಂಬಬೇಕು. ದಾಖಲೆಯನ್ನು ಕನಿಷ್ಠ 36 ತಿಂಗಳು ಇಡಬೇಕು: ಹೆಸರು, ತರಬೇತಿ ಮುಗಿದ ತಿಂಗಳು, ಏನು ಕಲಿಸಿದರು, ಯಾರು ಕಲಿಸಿದರು ಮತ್ತು ಮೌಲ್ಯಮಾಪನದ ಪುರಾವೆ. ಹಳೆಯ ಕಂಪನಿ ಬಿಡುವ ಮುನ್ನ ಸರ್ಟಿಫಿಕೇಟಿನ ಜೊತೆಗೆ ಈ ಕೊನೆಯದರ ಪ್ರತಿಯನ್ನೂ ಕೇಳಿ ಪಡೆಯಿರಿ.